ಬೆಲ್‌ನ ಹೆಂಡತಿ

1998ರ 'ದ ಥಿನ್ ರೆಡ್ ಲೈನ್' ಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡಿದೆವು. 1942ರಲ್ಲಿ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಜಪಾನೀಯರೊಡನೆ ಕಾದಾಡಿದ ಅಮೆರಿಕನ್ ಸೈನಿಕರ ಕಥೆ. ಗುಡ್ಡದ ಹುಲ್ಲಿನಲ್ಲಿ ತೆವಳುವಾಗಲೂ ಬೆಲ್‌ಗೆ ಹೆಂಡತಿಯದೇ ಧ್ಯಾನ. ಕೊನೆಗೆ ಅವಳ ಕಾಗದ ಬರುತ್ತದೆ: ಒಂಟಿಯಾಗಿ ಇರಲಾರದಾದೆ, ಇನ್ನೊಬ್ಬನನ್ನು ಮೆಚ್ಚಿದ್ದೇನೆ, ವಿಚ್ಛೇದನ ಕೊಡು.

"ಥೂ, ಎಂಥಾ ಹೆಂಗಸು!" ಎಂದರು ನಮ್ಮವರು. ಮಗನೂ ತಲೆಯಾಡಿಸಿದ. ನನಗೆ ಸಿಟ್ಟು ಬಂದದ್ದು ನಿರ್ದೇಶಕ ಟೆರೆನ್ಸ್ ಮಲಿಕ್ ಮೇಲೆ. ಮೊದಲ ದೃಶ್ಯವನ್ನೇ ಮೊಸಳೆಗೆ ಬಿಟ್ಟುಕೊಟ್ಟ ಈ ಮಹಾನುಭಾವನಿಗೆ, ಅವಳು ಹೇಗೆ ದಿನ ನೂಕಿದಳೆಂದು ತೋರಿಸಲು ಪುರಸೊತ್ತಿರಲಿಲ್ಲ. ಅವಳ ಪಾಲಿಗೆ ಬಂದದ್ದು ಗಂಡನ ನೆನಪಿನ ಉಯ್ಯಾಲೆ, ನೀರು, ಬೆಳಕು, ಆಮೇಲೆ ಆ ಕಾಗದ. ಜಗಳಕ್ಕೇ ನಿಂತೆ.

"ಅದು ಯುದ್ಧದ ಸಿನಿಮಾ ಕಣೇ," ಎಂದರು.

"ಅವಳನ್ನ ಒಂಟಿ ಮಾಡಿದ್ದು ಮತ್ತೇನು ರೀ?"