ಹುಣಿಸೆಯ ತೋಪಿನ ಬೆಲೆ

ನಾಗಮಂಗಲದ ಕಡೆಯ ನಮ್ಮ ಗ್ರಾಮದಲ್ಲಿ ರೈತರೊಬ್ಬರು ತಮ್ಮ ಹುಣಿಸೆಯ ತೋಪನ್ನು ಮರದ ವ್ಯಾಪಾರಿಗೆ ಮಾರಲು ಮನಸ್ಸು ಮಾಡಿರುವರು. ಮಗಳ ವಿವಾಹವು ಸಮೀಪಿಸಿರುವುದರಿಂದ ಅವರನ್ನು ನಿಂದಿಸುವುದು ನ್ಯಾಯವಲ್ಲ. ಊರವರೆಲ್ಲರೂ ವಂತಿಗೆ ಕೂಡಿಸಿ ತೋಪನ್ನು ಕೊಂಡು ಉಳಿಸಿಕೊಳ್ಳಬೇಕೆಂದು ನಿಶ್ಚಯಿಸಿ, ಮೊನ್ನೆ ಪಟ್ಟಿ ಹಿಡಿದು ನನ್ನ ಮನೆಗೂ ಬಂದರು. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ವೃಕ್ಷಮಹಿಮೆಯನ್ನು ಬೋಧಿಸಿದವನು ನಾನು. ಹಣದ ಮಾತು ಬಂದೊಡನೆ ಕೈ ಹಿಂಜರಿಯಿತೆಂಬುದನ್ನು ಮುಚ್ಚಿಡಲಾರೆನು.

ಆಗ ನೆನಪಿಗೆ ಬಂದುದು ನಮ್ಮ ಜಿಲ್ಲೆಯದೇ ಆದ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಗೂಡು ಕಟ್ಟುವುದು ದೂರದ ಕಾಡಿನಲ್ಲಲ್ಲ. ಮನೆಗಳ ನಡುವೆಯೇ ಇರುವ ಹುಣಿಸೆ, ಅರಳಿ ಮೊದಲಾದ ಮರಗಳಲ್ಲಿ. ಹಕ್ಕಿ ನೆಲೆಸಿದ ಮರದ ಹುಣಿಸೆಯ ಫಸಲು ಒಡೆಯನಿಗೆ ಪೂರ್ಣವಾಗಿ ದಕ್ಕದು. ಹಿಕ್ಕೆಯು ಹೊಲಕ್ಕೆ ಒಳ್ಳೆಯ ಗೊಬ್ಬರವೆಂಬುದು ನಿಜ; ಆದರೆ ಅದರ ದುರ್ಗಂಧವನ್ನು ಸಹಿಸತಕ್ಕವರು ಅಂಗಳ ಗುಡಿಸುವ ಗೃಹಿಣಿಯರೇ ಹೊರತು ಹಕ್ಕಿಗಳನ್ನು ವರ್ಣಿಸುವ ನಮ್ಮಂಥವರಲ್ಲ. ಬಹುಕಾಲ ಈ ನಷ್ಟವನ್ನು ಆ ಗೃಹಸ್ಥರೇ ಹೊತ್ತರು. ತರುವಾಯ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಪರಿಹಾರಧನವನ್ನು ಕೊಡತೊಡಗಿತು. 2007ರಲ್ಲಿ ಆ ಪ್ರದೇಶವು ಸಮುದಾಯದ ಮೀಸಲೆಂದು ಘೋಷಿತವಾಯಿತು.

ನೆರಳು ಊರಿಗೆಲ್ಲ, ನಷ್ಟವು ಒಡೆಯನೊಬ್ಬನಿಗೆ ಎಂಬ ಲೆಕ್ಕ ಎಷ್ಟು ದಿನ ನಡೆದೀತು? ಪಟ್ಟಿಯಲ್ಲಿ ನನ್ನ ಒಂದು ತಿಂಗಳ ನಿವೃತ್ತಿ ವೇತನವನ್ನು ಬರೆದೆನು. ಮನೆಯಾಕೆ ಅದನ್ನೋದಿ, ಮಾತನಾಡದೆ, ತನ್ನ ಹೆಸರಿನಲ್ಲಿಯೂ ನೂರು ರೂಪಾಯಿ ಸೇರಿಸಿದಳು. ಯುಗಾದಿಯವರೆಗೆ ಕಾಯುವುದಾಗಿ ತೋಪಿನ ಯಜಮಾನರು ಮಾತು ಕೊಟ್ಟಿರುವರು. ಇನ್ನೂ ಅರ್ಧದಷ್ಟು ಹಣ ಕೂಡಬೇಕಾಗಿದೆ.