ಮೇಜಿನ ಮೇಲೊಂದು ಮುಳ್ಳುಬೇಲಿ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನ ಬಂಧುವೊಬ್ಬರ ಸಣ್ಣ ಘಟಕವಿದೆ. ಅವರು ಸೋಮಾರಿಯಲ್ಲ, ಲೇತ್ ಯಂತ್ರದ ಮುಂದೆ ಒಂದು ನಿಮಿಷವನ್ನೂ ವ್ಯರ್ಥಗೊಳಿಸುವವರಲ್ಲ. ಆದರೆ ಕಂಪ್ಯೂಟರಿನ ಮುಂದೆ ಕುಳಿತರೆ ಬೇರೆಯೇ ಮನುಷ್ಯ. ಜಿಎಸ್‌ಟಿ ವಿವರ ತುಂಬಲು ಕುಳಿತವರು ಕ್ರಿಕೆಟ್ ಸ್ಕೋರಿಗೆ, ಅಲ್ಲಿಂದ ಯೂಟ್ಯೂಬಿಗೆ ಹೊರಳುತ್ತಾರೆ.

ಈ ‘ನಾಳೆ ನೋಡೋಣ’ ಎಂಬುದಕ್ಕೆ ಬೆಲೆಯಿದೆ. ಪ್ರತಿ ತಿಂಗಳು ಲೆಕ್ಕ ಒಪ್ಪಿಸುವವರು ಮಾರಾಟದ ವಿವರವನ್ನು ಮರುತಿಂಗಳ 11ರೊಳಗೆ ಸಲ್ಲಿಸದಿದ್ದರೆ ಖರೀದಿದಾರರಿಗೆ ಇನ್‌ಪುಟ್ ತೆರಿಗೆಯ ಜಮೆ ತಡವಾಗುತ್ತದೆ. ಅವರು ಹಣ ತಡೆಹಿಡಿಯುತ್ತಾರೆ. ಐದು ನಿಮಿಷದ ವಿಡಿಯೊ ಕೊನೆಗೆ ಕಾರ್ಮಿಕರ ಬಟವಾಡೆಯನ್ನೇ ಮುಟ್ಟುತ್ತದೆ.

ಅವರು ಕಂಡುಕೊಂಡ ಉಪಾಯ ಸರಳ. ಯೂಟ್ಯೂಬಿನಿಂದ ಪ್ರತಿಸಲ ಲಾಗ್‌ಔಟ್ ಆಗುವುದು, ಉದ್ದನೆಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮನೆಯಲ್ಲಿಡುವುದು, ಮೊಬೈಲನ್ನು ಗೋದಾಮಿನ ಕಪಾಟಿಗೆ ಸೇರಿಸುವುದು. ಕಂಪ್ಯೂಟರ್ ಚಾಲೂ ಮಾಡಿದರೆ ಮೊದಲು ತೆರೆಯುವುದು ಜಿಎಸ್‌ಟಿ ಪುಟ.

ಇಷ್ಟರಿಂದ ಏನಾದೀತು ಎನ್ನಬಹುದು. ಅರ್ಥಶಾಸ್ತ್ರ ಓದಿದವರಿಗೆ ಇದು ಅಚ್ಚರಿಯಲ್ಲ. 2005ರಲ್ಲಿ ನೊಬೆಲ್ ಪಡೆದ ಥಾಮಸ್ ಶೆಲ್ಲಿಂಗ್, ಒಬ್ಬನೇ ಮನುಷ್ಯನೊಳಗೆ ಸಂಕಲ್ಪ ಮಾಡುವವನೂ ಅದನ್ನು ಮುರಿಯುವವನೂ ಇರುತ್ತಾರೆಂದು ಪರಿಗಣಿಸಿ, ಮೊದಲನೆಯವನು ಎರಡನೆಯವನನ್ನು ಕಟ್ಟಿಹಾಕುವ ಬಗೆಗಳನ್ನು ವಿಶ್ಲೇಷಿಸಿದರು. ಆಮಿಷದ ಬೆಲೆ ತುಸು ಏರಿದರೂ ಬೇಡಿಕೆ ಕುಗ್ಗುತ್ತದೆ. ಇಲ್ಲಿ ಆ ಬೆಲೆ ರೂಪಾಯಿಯಲ್ಲ, ಗೋದಾಮಿನವರೆಗಿನ ನಾಲ್ಕು ಹೆಜ್ಜೆ.

ಆಡಳಿತದಲ್ಲಿ ಇದರ ಇನ್ನೊಂದು ಮುಖವನ್ನು ಕಂಡಿದ್ದೇನೆ. ಪಹಣಿಗಾಗಿ ಗ್ರಾಮಲೆಕ್ಕಿಗರನ್ನು ಹುಡುಕಿ ಅಲೆಯಬೇಕಿದ್ದಾಗ ಎಷ್ಟೋ ರೈತರು ನ್ಯಾಯವಾದ ಕೆಲಸವನ್ನೇ ಮುಂದೂಡುತ್ತಿದ್ದರು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಗಣಕೀಕೃತ ಪಹಣಿ ನೀಡತೊಡಗಿದಾಗ ಆ ಅಡ್ಡಿ ಸರಿಯಿತು. ಸಣ್ಣ ತೊಡಕು ಒಳ್ಳೆಯ ಕೆಲಸವನ್ನು ನಿಲ್ಲಿಸಬಲ್ಲದಾದರೆ ಕೆಟ್ಟ ಚಾಳಿಯನ್ನೂ ನಿಲ್ಲಿಸಬಲ್ಲದು. ನಮ್ಮ ಮೇಜಿನ ಮೇಲೆ ಎಲ್ಲವೂ ತಿರುವುಮುರುವು: ಕೆಲಸಕ್ಕೆ ಒಟಿಪಿ, ಕಾಲಹರಣಕ್ಕೆ ಒಂದೇ ಕ್ಲಿಕ್ಕು.

ತಾನೇ ಹಾಕಿಕೊಂಡ ತಡೆಯನ್ನು ತಾನೇ ಕೀಳಲಾರನೇ ಎಂಬ ಆಕ್ಷೇಪ ನಿಜ. ಮುಳ್ಳುಬೇಲಿ ಆನೆಯನ್ನು ತಡೆಯದು. ಅಭ್ಯಾಸಬಲದಿಂದ ಹೊಲಕ್ಕೆ ನುಗ್ಗುವ ಆಕಳನ್ನು ತಡೆಯುತ್ತದೆ. ನಮ್ಮ ಕಾಲಹರಣದಲ್ಲಿ ಬಹುಪಾಲು ಅಂಥದ್ದೇ: ಕೈ ಹೋಗುತ್ತದೆ, ಮನಸ್ಸು ಕೇಳುವುದೇ ಇಲ್ಲ. ಬೇಲಿ ಆ ಪ್ರಶ್ನೆಯನ್ನು ಕೇಳಿಸುತ್ತದೆ. ಅದು ತೀರ ಎತ್ತರವಾಗಿಯೂ ಇರಬಾರದು. ಬಿಗಿ ಹೆಚ್ಚಾದರೆ ಬೇಲಿಯನ್ನೇ ಕಿತ್ತೆಸೆಯುತ್ತೇವೆ.

ಸಂಕಲ್ಪಶಕ್ತಿಯ ಉಪದೇಶ ಕೇಳಿ ಬದಲಾದವರನ್ನು ನಾನು ಹೆಚ್ಚು ಕಂಡಿಲ್ಲ. ನನ್ನ ಬಂಧುವೂ ಬದಲಾಗಿಲ್ಲ. ಅವರ ಮೊಬೈಲು ಮಾತ್ರ ಗೋದಾಮಿನಲ್ಲಿದೆ. ಲೆಕ್ಕ ಹೊತ್ತಿಗೆ ಸರಿಯಾಗಿ ಹೋಗುತ್ತಿದೆ.