ಲೋಗೊ ನೋಡಿ ಸ್ವದೇಶಿ ಎನ್ನಬೇಡಿ

ಅನಗೋಳದ ಹುಡುಗರು ವಿದೇಶಿ ಬ್ರ್ಯಾಂಡ್ ಬಿಟ್ಟು ದೇಶಿ ಬ್ರ್ಯಾಂಡಿನ ಆಟದ ಸಾಮಾನು ಕೊಂಡರೆ ಹಣವೆಲ್ಲ ನಮ್ಮ ಕಾರ್ಮಿಕರಿಗೇ ಸೇರುತ್ತದೆ ಎಂಬುದು ಪ್ರಕಟಿತ ಲೇಖನವೊಂದರ ವಾದ. ಉದ್ದೇಶ ಒಳ್ಳೆಯದು, ಲೆಕ್ಕ ತಪ್ಪು. ಮೀರತ್‌ನಲ್ಲಿ ತಯಾರಾಗುವ ದುಬಾರಿ ಬ್ಯಾಟ್‌ಗಳ ಮರ ಬರುವುದು ಇಂಗ್ಲೆಂಡಿನಿಂದ. ಕಾಶ್ಮೀರದ ವಿಲೋ ಮರ ಹೆಚ್ಚಾಗಿ ಅಗ್ಗದ ಬ್ಯಾಟಿಗೆ. ಅತ್ತ ಡೆಕಥ್ಲಾನ್ ಫ್ರಾನ್ಸಿನ ಕಂಪನಿ, ಆದರೆ ಅದರ ಎಷ್ಟೋ ಸರಕು ಭಾರತದಲ್ಲೇ ತಯಾರಾಗುತ್ತದೆ. ಇದರಲ್ಲಿ ಯಾವುದು ಸ್ವದೇಶಿ?

ದೇಶಿ ಸಾಮಾನು ಕೊಳ್ಳಲು ನಮ್ಮವರ ಕೀಳರಿಮೆಯೇ ಅಡ್ಡಿ ಎಂಬ ಲೇಖನದ ಮಾತೂ ನಿಲ್ಲದು. ಭಾರತದಲ್ಲಿ ಟೆಸ್ಟ್ ಪಂದ್ಯಗಳು ನಡೆಯುವುದೇ ಮೀರತ್‌ನ ಎಸ್‌ಜಿ ಕಂಪನಿಯ ಚೆಂಡಿನಲ್ಲಿ. ಗುಣಮಟ್ಟವಿದ್ದರೆ ಯಾರೂ ಮುಖ ತಿರುಗಿಸುವುದಿಲ್ಲ.

ಹಾಗಾದರೆ ಸರಕು ಎಲ್ಲಿಯದೆಂದು ತಿಳಿಯುವುದು ಹೇಗೆ? ಆನ್‌ಲೈನ್ ಮಾರಾಟದಲ್ಲಿ ಮೂಲ ದೇಶದ ಹೆಸರು ತಿಳಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ಕೊಳ್ಳುವ ಮುನ್ನ ಆ ಸಾಲು ಓದಿ.